ಹಿಂಗಾಲು

ಕುದುರೆಗೆ ಇಬ್ಬರು ಬೇಕಿತ್ತು. ಒಬ್ಬರು ತಲೆಗೆ, ಒಬ್ಬರು ಹಿಂಗಾಲಿಗೆ.

ತಲೆಗೆ ನೂಕುನುಗ್ಗಲು. ಮಕ್ಕಳ ನಾಟಕ ಶಾಲೆಯ ಹುಡುಗರೆಲ್ಲ ನಾನು ತಾನು ಎಂದು ಕೈಯೆತ್ತಿದರು. ತಲೆಗೆ ಕಣ್ಣಿತ್ತು, ಕೂದಲಿತ್ತು, ದಾರ ಎಳೆದರೆ ತೆರೆಯುವ ಬಾಯಿತ್ತು. ಹಿಂಗಾಲಿಗೆ ಏನಿತ್ತು? ಒಂದು ಬಾಲ. ಹಿಂಗಾಲಾದವರು ನಾಟಕ ಮುಗಿಯುವತನಕ ಸೊಂಟ ಬಗ್ಗಿಸಿರಬೇಕು. ಮುಂದಿನವನ ಸೊಂಟ ಹಿಡಿದು, ಅವನ ಕುಂಡೆಗೆ ಮುಖ ಕೊಟ್ಟು ನಡೆಯಬೇಕು. ಮೇಲೆ ದಪ್ಪ ಬಟ್ಟೆ ಹೊದಿಸಿ ಹೊಟ್ಟೆಯ ಕೊಕ್ಕೆ ಹಾಕಿಬಿಟ್ಟರೆ ಒಳಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ.

"ಹಿಂಗಾಲು ಯಾರಾಗ್ತೀರಿ?" ಎಂದು ನಾಟಕದ ಮೇಡಂ ಕೇಳಿದಾಗ ಮಕ್ಕಳೆಲ್ಲ ಛಾವಣಿ ನೋಡಿದರು. "ಅಲ್ಲಿ ಕೂತು ಮೂಸೋರು ಯಾರು ಮೇಡಂ?" ಎಂದ ಒಬ್ಬ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಮೇಡಂ ಕಣ್ಣು ಸಭಾಂಗಣದ ಕೊನೆಯ ಸಾಲಿಗೆ ಹೋಯಿತು. ಅಲ್ಲಿ ಒಬ್ಬಳು ಹುಡುಗಿ ಕೂತಿದ್ದಳು. ಸಭಾಂಗಣದ ಕಸ ಗುಡಿಸುವವಳ ಮಗಳು. ಸ್ಕೂಲು ಬಿಟ್ಟ ಮೇಲೆ ಅಮ್ಮನ ಕೆಲಸ ಮುಗಿಯಲಿ ಎಂದು ದಿನಾ ಅಲ್ಲೇ ಕಾಯುತ್ತಿದ್ದಳು. ಕಾಯುತ್ತ ಕಾಯುತ್ತ ಎಲ್ಲರ ಮಾತೂ ಅವಳಿಗೆ ಬಾಯಿಪಾಠವಾಗಿತ್ತು. ಅದನ್ನು ಯಾರೂ ಕೇಳಿರಲಿಲ್ಲ. ಕೇಳುವವರು ಯಾರು?

"ಏಯ್ ಮರಿ, ಬಾ ಇಲ್ಲಿ. ಬಗ್ಗೋಕೆ ಬರುತ್ತಾ?"

ಬಗ್ಗೋಕೆ ಬರುತ್ತಾ ಎಂದರೆ! ಅವಳ ಮನೆಯಲ್ಲಿ ಬಗ್ಗದೆ ಉಂಡವರು ಯಾರಿದ್ದರು? ಹುಡುಗಿ ಕುರ್ಚಿ ಸಾಲುಗಳ ಮಧ್ಯೆ ಎದ್ದು ಬಿದ್ದು ಓಡಿ ಬಂದಳು. ಮೊಣಕಾಲಿಗೆ ಏಟು ಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

ಮೊದಲ ದಿನಗಳಲ್ಲಿ ಕುದುರೆ ಕುದುರೆಯಾಗಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ತಲೆ ಒಂದು ಕಡೆ, ಕಾಲು ಒಂದು ಕಡೆ. ತಲೆಯಾಗಿದ್ದ ಹುಡುಗನಿಗೆ ತಾಳ್ಮೆ ಕಡಿಮೆ. "ಎಡಗಾಲು! ಎಡಗಾಲು ಅಂದೆ!" ಎಂದು ಹಿಮ್ಮಡಿಯಿಂದ ಒದೆಯುತ್ತಿದ್ದ. ಒಳಗೆ ಕತ್ತಲು. ಬೆವರು ಕಣ್ಣಿಗಿಳಿದರೆ ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ಮನೆಗೆ ಬಂದರೆ ಸೊಂಟ ನೆಟ್ಟಗಾಗುತ್ತಿರಲಿಲ್ಲ.

ದಾರಿ ಹೇಳಿಕೊಟ್ಟವನು ಅಪ್ಪ. ಅಪ್ಪನದು ಗುಂಡಿ ಕೆಲಸ. ಊರಿನ ಚರಂಡಿ ಕಟ್ಟಿಕೊಂಡರೆ, ಕಕ್ಕಸಿನ ಪೈಪು ತುಂಬಿದರೆ, ಕಬ್ಬಿಣದ ಮುಚ್ಚಳ ಎತ್ತಿ ಒಳಗಿಳಿಯುವವನು. ಕೆಲಸ ಮುಗಿಸಿ ಬಂದು ಗಲ್ಲಿಯ ಕೊನೆಯ ನಲ್ಲಿಯಲ್ಲಿ ಮೈ ತಿಕ್ಕಿ ತಿಕ್ಕಿ ತೊಳೆದ ಮೇಲೇ ಮನೆಯೊಳಗೆ ಕಾಲಿಡುತ್ತಿದ್ದ. ಅವನ ಕೆಲಸದ ಬಟ್ಟೆಗೆ ಹೊರಗೆ ಬೇರೆಯೇ ಹಗ್ಗ. ಅಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿಯುತ್ತಿತ್ತು. ಅಪ್ಪ ತುತ್ತನ್ನು ಬೆರಳ ತುದಿಯಲ್ಲಿ ಮಾತ್ರ ಮುಟ್ಟಿ ಉಣ್ಣುತ್ತಿದ್ದ.

"ಕತ್ತಲಲ್ಲಿ ಕಣ್ಣು ಬಿಟ್ಕೊಂಡು ಹುಡುಕಿದ್ರೆ ಹೆದರಿಕೆ ಆಗುತ್ತೆ," ಎಂದ. "ಕಣ್ಣು ಮುಚ್ಚಿಬಿಡು. ಪಾದ ತಾನೇ ನೋಡ್ಕೊಳ್ಳುತ್ತೆ. ಉಸಿರು ಸಣ್ಣಗೆ ಎಳಿ. ಇನ್ನೊಂದು. ಎಷ್ಟೇ ಸುಸ್ತಾದ್ರೂ ಒಳಗೆ ಕೂರಬೇಡ. ಕೆಟ್ಟ ಗಾಳಿ ತಳದಲ್ಲಿರುತ್ತೆ. ಒಳಗೆ ಕೂತೋನು ಏಳಲ್ಲ."

"ಅಪ್ಪಾ, ಅದು ಗುಂಡಿ ಅಲ್ಲ. ಕುದುರೆ."

"ಹೌದಲ್ಲ!" ಎಂದು ಅಪ್ಪ ನಕ್ಕ. "ಆದ್ರೂ ಕೂರಬೇಡ."

ಹುಡುಗಿ ಕಣ್ಣು ಮುಚ್ಚಿದಳು. ಪಾದ ನೋಡಿಕೊಂಡಿತು. ತಲೆ ಹೆಜ್ಜೆ ಎತ್ತುವ ಮೊದಲೇ ಅವನ ಸೊಂಟದ ಎಲುಬು ಸಣ್ಣಗೆ ತಿರುಗುತ್ತದೆ. ಅದು ಕೈಗೆ ಗೊತ್ತಾದರೆ ಸಾಕಿತ್ತು. ಒಂದು ದಿನ ಕುದುರೆ ಇದ್ದಕ್ಕಿದ್ದಂತೆ ನಡೆಯಿತು. ಕುಣಿಯಿತು. ನೊಣ ಓಡಿಸುವ ಹಾಗೆ ಬಾಲ ಬೀಸಿತು. ನಿಂತಲ್ಲೇ ಒಂದು ಹಿಂಗಾಲು ಸಡಿಲ ಬಿಟ್ಟು ನಿಜವಾದ ಕುದುರೆಯಂತೆ ತೂಕಡಿಸಿತು. ಅಭ್ಯಾಸ ನಿಲ್ಲಿಸಿ ಮಕ್ಕಳೆಲ್ಲ ನೋಡಿದರು. ಮೇಡಂ ಚಪ್ಪಾಳೆ ತಟ್ಟಿ, "ಹಿಂಗಾಲು! ಭೇಷ್!" ಎಂದರು.

ಅಂದಿನಿಂದ ಅವಳ ಹೆಸರು ಹಿಂಗಾಲು. "ಹಿಂಗಾಲು ಬಂದ್ಳಾ?" "ಹಿಂಗಾಲಿಗೂ ನೀರು ಕೊಡ್ರೋ." ಸ್ಕೂಲಿನಲ್ಲಿ ಅವಳನ್ನು ಗುಂಡಿ ಎಂದು ಕರೆಯುತ್ತಿದ್ದರು. ಬೆಂಚಿನಲ್ಲಿ ಅವಳ ಪಕ್ಕ ಒಂದಾಳು ಜಾಗ ಯಾವಾಗಲೂ ಖಾಲಿ. ಇಲ್ಲಿ ಅವಳಿಲ್ಲದೆ ಕುದುರೆ ಅರ್ಧ. ಅರ್ಧ ಕುದುರೆ ಕುದುರೆಯಲ್ಲ. ಈ ಲೋಕದಲ್ಲಿ ತಾನಿಲ್ಲದೆ ನಡೆಯದ್ದು ಒಂದಿದೆ ಎಂದು ಅವಳಿಗೆ ಮೊದಲ ಸಲ ಗೊತ್ತಾಯಿತು. ಮಲಗಿದಲ್ಲೂ ಕಾಲು ಆಡಿಸುತ್ತಿದ್ದಳು. "ಸುಮ್ನೆ ಮಲ್ಕೊಳ್ಳೆ ಕುದ್ರೆ," ಎಂದು ಅಮ್ಮ ಬೈಯುತ್ತಿದ್ದಳು. ಬೈಗುಳವೂ ಸಿಹಿಯಾಗಿತ್ತು.

ಆ ನಾಟಕ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಮುಖ ಬಿಚ್ಚುವುದು ಎನ್ನುತ್ತಿದ್ದರು. ಮೊದಲ ಪ್ರದರ್ಶನ ಮುಗಿದ ಮೇಲೆ ಮಕ್ಕಳು ಮುಖವಾಡ ತೆಗೆದು ಒಬ್ಬೊಬ್ಬರಾಗಿ ಮುಂದೆ ಬಂದು, ತಾನು ಏನಾಗಿದ್ದೆ ಎಂದು ಹೇಳಬೇಕು. ನಾನು ರಾಜ. ನಾನು ಕಳ್ಳ. ನಾನು ಮರ. ಮೊದಲ ದಿನ ಮಾತ್ರ. ಅಪ್ಪ ಅಮ್ಮಂದಿರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ.

"ನಾನೂ ಬಿಚ್ಚಬಹುದಾ ಮೇಡಂ?" ಎಂದು ಹುಡುಗಿ ಕೇಳಿದ್ದಳು.

"ಮತ್ತೆ? ಕುದುರೆ ಒಬ್ಬನದಾ?" ಎಂದಿದ್ದರು ಮೇಡಂ.

ಇಡೀ ನಾಟಕದಲ್ಲಿ ಅವಳದು ಅದೊಂದೇ ಮಾತು. ನಾನು ಕುದುರೆಯ ಹಿಂಗಾಲು. ಅದನ್ನು ಅವಳು ನಲ್ಲಿಯ ಹತ್ತಿರ ಹೇಳಿಕೊಂಡಳು, ಪಾತ್ರೆ ಉಜ್ಜುತ್ತ ಹೇಳಿಕೊಂಡಳು, ಬಕೆಟ್ಟಿನೊಳಗೆ ತಲೆಯಿಟ್ಟು ದೊಡ್ಡ ದನಿಯಲ್ಲಿ ಹೇಳಿಕೊಂಡಳು. ಅಪ್ಪ ಅವಳ ಎದುರು ಕೂತು ಜನವಾದ. "ಕೊನೇ ಸಾಲಿಗೆ ಕೇಳಿಸ್ಲಿಲ್ಲ!" ಎಂದು ಕೂಗಿದ. "ಬರ್ತೀಯಾ ಅಪ್ಪ?" "ಬರದೆ? ಬಿಳೀ ಅಂಗಿ ಹಾಕ್ಕೊಂಡು ಬರ್ತೀನಿ. ನಿನ್ನ ಮುಖ ಕಾಣೋ ಹಾಗೆ ಬಾಗಿಲ ಪಕ್ಕದಲ್ಲೇ ನಿಂತಿರ್ತೀನಿ."

ಒಳಗಿನಿಂದ ಅವಳಿಗೆ ಕಾಣುತ್ತಿದ್ದದ್ದು ಪಾದಗಳು ಮಾತ್ರ. ಕುದುರೆಯ ಹೊಟ್ಟೆಯ ಕೆಳಗೆ ಒಂದು ಸೀಳಿತ್ತು. ಅದರಲ್ಲಿ ವೇದಿಕೆಯ ಹಲಗೆ, ಮುಂದಿನ ಸಾಲಿನ ಚಪ್ಪಲಿಗಳು, ಪಕ್ಕದ ಬಾಗಿಲಿನ ಹೊಸಿಲು. ಅಪ್ಪನ ನೀಲಿ ರಬ್ಬರ್ ಚಪ್ಪಲಿ, ಉಗುರು ಹೋದ ಹೆಬ್ಬೆರಳು ಅಲ್ಲಿ ಕಾಣಬೇಕು. ಅದನ್ನು ನೋಡಿಕೊಂಡೇ ಹೊರಗೆ ಬರಬೇಕು. ಹಾಗೆಂದು ಇಬ್ಬರೂ ಮಾತಾಡಿಕೊಂಡಿದ್ದರು.

ಪ್ರದರ್ಶನ ಭಾನುವಾರ ಮಧ್ಯಾಹ್ನ. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದ. ಕೂದಲು ನೀರು ಹಚ್ಚಿ ಬಾಚಿದ್ದ. ಅಂದೇ, ಅದೇ ಹೊತ್ತಿಗೆ, ಸಭಾಂಗಣದ ಕಕ್ಕಸು ಕಟ್ಟಿಕೊಂಡಿತ್ತು. ನೀರು ಹೊಸಿಲು ದಾಟಿ ಜನ ಬರುವ ಓಣಿಗೆ ಹರಿಯುತ್ತಿತ್ತು. ಹುಡುಗಿಯ ಅಮ್ಮ ಗೋಣಿಚೀಲ ಹಾಕಿ ತಡೆಯುತ್ತಿದ್ದಳು. ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಅಪ್ಪನನ್ನು ಕಂಡದ್ದೇ ಅವನ ಮುಖ ಅರಳಿತು.

"ಏಯ್, ನೀನು ಗುಂಡಿಯೋನಲ್ವಾ? ದೇವರು ಬಂದ ಹಾಗೆ ಬಂದೆ ನೋಡು!"

"ನಾಟಕ ನೋಡೋಕೆ ಬಂದಿದ್ದೀನಿ ಸಾರ್. ಮಗಳು ಮಾಡ್ತಿದ್ದಾಳೆ."

"ನೋಡುವಂತೆ. ಮೊದ್ಲು ಇದನ್ನ ಬಿಡಿಸು. ಈ ನಾತದಲ್ಲಿ ಯಾರು ನಾಟಕ ನೋಡ್ತಾರೆ? ನಿನ್ನ ಹೆಂಡ್ತಿ ಕೆಲಸ ಇಲ್ಲೇ ತಾನೆ?"

ಕೊನೆಯ ಮಾತನ್ನು ಅವನು ಮೆಲ್ಲಗೆ ಹೇಳಿದ. ಬೆದರಿಕೆಗೆ ಗಂಟಲು ಬೇಕಾಗುವುದಿಲ್ಲ. ಅಪ್ಪ ಹಿತ್ತಿಲಿಗೆ ಹೋದ. ಅಲ್ಲೇ ಮಕ್ಕಳು ಬಣ್ಣ ಹಚ್ಚಿಕೊಳ್ಳುವ ಕೋಣೆಯ ಕಿಟಕಿ. ಕಂಬಿಯ ಸಂದಿಯಿಂದ ಮಗಳನ್ನು ಕರೆದ. ಬಿಳಿ ಅಂಗಿ ಬಿಚ್ಚಿ, ಮಡಿಸಿ, ಒಳಗೆ ಕೊಟ್ಟ.

"ಇದನ್ನ ಇಟ್ಕೊಂಡಿರು. ಕೊಳೆ ಮಾಡ್ಬೇಡ. ಬೇಗ ಮುಗಿಸಿ ಬರ್ತೀನಿ. ನೀನು ಮುಖ ಬಿಚ್ಚೋ ಹೊತ್ತಿಗೆ ಬಾಗಿಲಲ್ಲಿರ್ತೀನಿ."

ಬರಿಮೈಯಲ್ಲಿ ಅಪ್ಪ ಕಿಟಕಿಯಿಂದ ಸರಿದ. ಕಬ್ಬಿಣದ ಮುಚ್ಚಳ ಎಳೆದ ಸದ್ದಾಯಿತು. ನಾತ ಒಳಗೆ ನುಗ್ಗಿತು. ರಾಜ ಮೂಗು ಮುಚ್ಚಿಕೊಂಡ. ಮರ ವಾಕರಿಸಿತು. ತಲೆ ಕೇಳಿದ, "ಥೂ! ಯಾರೇ ಅವನು?"

ಹುಡುಗಿ ಅಂಗಿಯನ್ನು ಎದೆಗೆ ಒತ್ತಿಕೊಂಡಳು. "ನಮ್ಮಪ್ಪ."

ಅಲ್ಲಿಗೆ ಮುಗಿಯಿತು. ತಲೆಯ ತಾಯಿ ವಕೀಲೆ. ಮಗನ ಮುಖಕ್ಕೆ ಬಣ್ಣ ಹಚ್ಚುತ್ತಿದ್ದವಳು ಬ್ರಷ್ ಕೆಳಗಿಟ್ಟಳು. ಇಷ್ಟು ದಿನ ಅವಳು ಹುಡುಗಿಗೆ ಬಿಸ್ಕತ್ತು ಕೊಟ್ಟಿದ್ದಳು, ಗಲ್ಲ ಹಿಂಡಿದ್ದಳು. ಈಗ ಮೇಡಮ್ಮನ್ನು ಮೂಲೆಗೆ ಕರೆದಳು. ಮೂಲೆಯೇನು ದೂರವಿರಲಿಲ್ಲ.

"ನಾನು ಅಂಥೋಳಲ್ಲ ಮೇಡಂ. ನಿಮಗೇ ಗೊತ್ತು. ಆದ್ರೆ ಹೈಜೀನ್ ಅಂತ ಒಂದಿದೆಯಲ್ಲ? ಇಷ್ಟು ದಿನ ಒಂದೇ ಬಟ್ಟೆಯೊಳಗೆ ಇಬ್ರೂ ಬೆವತಿದ್ದಾರೆ. ನೀವು ಹೇಳ್ಬೇಕಿತ್ತು."

"ಈಗೇನು ಮಾಡ್ಲಿ? ಇವಳಿಲ್ದೆ ಕುದುರೆ ಇಲ್ಲ."

"ಇವತ್ತೊಂದಿನ ಮಾಡ್ಲಿ. ಕೈಗೆ ಬಟ್ಟೆ ಸುತ್ತಿ. ಆಮೇಲೆ ಕೊನೇಲಿ ನನ್ನ ಮಗನ ಪಕ್ಕ ನಿಲ್ಲೋದು ಬೇಡ. ಎಲ್ರೂ ಫೋಟೋ ತೆಗೀತಾರೆ. ನಾಳೆ ಅವನ ಸ್ಕೂಲಲ್ಲಿ ಏನಂತಾರೆ?"

ಮೇಡಂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸುಲಭವಿತ್ತು. ಅವರು ಹುಡುಗಿಯ ಮುಂದೆ ಮೊಣಕಾಲೂರಿ ಕೂತರು. "ಬಂಗಾರ, ನೀನು ಜಾಣೆ. ಇವತ್ತು ಮುಖ ಬಿಚ್ಚೋವಾಗ ನೀನು ಒಳಗೇ ಇದ್ದುಬಿಡು. ತಲೆ ಒಬ್ಬನೇ ಬರ್ತಾನೆ. ನೀನು ಒಳಗಿಂದ ಬಾಲ ಅಲ್ಲಾಡಿಸು. ಜನಕ್ಕೆ ತುಂಬ ಇಷ್ಟ ಆಗುತ್ತೆ."

"ನೀವೇ ಹೇಳಿದ್ರಿ. ಕುದುರೆ ಒಬ್ಬನದಾ ಅಂತ."

"ಹೇಳಿದ್ದೆ. ಆದ್ರೆ ನೋಡು..."

ಅವಳ ಎರಡೂ ಕೈಗೆ ಬಟ್ಟೆ ಸುತ್ತಿದರು. ಗಾಯಕ್ಕೆ ಸುತ್ತುವ ಹಾಗೆ ಸುತ್ತಿದರು. ವಕೀಲೆ ಚೀಲದಿಂದ ಸೆಂಟು ತೆಗೆದಳು. ಕುದುರೆಯ ಹೊಟ್ಟೆಯೊಳಗೆ ಹೊಡೆದಳು. ಹುಡುಗಿಯ ಕತ್ತಿಗೆ ಹೊಡೆದಳು, ಕಂಕುಳಿಗೆ ಹೊಡೆದಳು, ನೆತ್ತಿಗೆ ಹೊಡೆದಳು. "ಕಣ್ಮುಚ್ಚು ಪುಟ್ಟಾ," ಎಂದಳು. ಪುಟ್ಟಾ ಎಂದೇ ಕರೆದಳು. ಬೆಳಿಗ್ಗೆ ಸೋಪು ಸವೆಯುವಂತೆ ಉಜ್ಜಿಕೊಂಡು ಸ್ನಾನ ಮಾಡಿದ್ದ ಹುಡುಗಿ ಅಲುಗದೆ ನಿಂತಿದ್ದಳು. ಮಕ್ಕಳು ನೋಡುತ್ತಿದ್ದರು. ನೀರು ಕೊಡ್ರೋ ಎನ್ನುತ್ತಿದ್ದವರೇ. ಒಬ್ಬರೂ ಹಿಂಗಾಲು ಎನ್ನಲಿಲ್ಲ.

ಅಪ್ಪನ ಅಂಗಿಯನ್ನು ಎಲ್ಲಿಡುವುದು? ಅವಳಿಗೆ ಆ ಕೋಣೆಯಲ್ಲಿ ಯಾರ ಮೇಲೂ ನಂಬಿಕೆ ಉಳಿದಿರಲಿಲ್ಲ. ಅಂಗಿಯನ್ನು ಸೊಂಟಕ್ಕೆ ಕಟ್ಟಿಕೊಂಡಳು. ಕೊಕ್ಕೆ ಹಾಕಿದರು. ಕತ್ತಲಾಯಿತು.

ನಾಟಕ ನಡೆಯಿತು. ಬಟ್ಟೆ ಸುತ್ತಿದ ಕೈಗೆ ಮುಂದಿನವನ ಸೊಂಟದ ಎಲುಬು ತಿಳಿಯಲಿಲ್ಲ. ಆದರೂ ಕುದುರೆ ಕುಣಿಯಿತು. ಪಾದ ನೋಡಿಕೊಂಡಿತು. ಸೆಂಟಿನ ಉರಿಗೆ ಕಣ್ಣಲ್ಲಿ ನೀರು ಸುರಿಯಿತು. ಅಳುವೂ ಇತ್ತು. ಯಾವುದು ಯಾವುದೆಂದು ಅವಳಿಗೇ ಗೊತ್ತಿರಲಿಲ್ಲ. ಹೊರಗೆ ಜನ ಕುದುರೆಯನ್ನು ಕಂಡು ಓಹೋ ಎನ್ನುತ್ತಿದ್ದರು. ಅವಳು ಸೀಳಿನಲ್ಲಿ ಹೊಸಿಲನ್ನೇ ನೋಡುತ್ತಿದ್ದಳು. ಪಾಲಿಶ್ ಹಾಕಿದ ಶೂ ಬಂತು, ಹೋಯಿತು. ಎತ್ತರದ ಹಿಮ್ಮಡಿಯ ಚಪ್ಪಲಿ ಬಂತು, ಹೋಯಿತು. ನೀಲಿ ರಬ್ಬರ್ ಚಪ್ಪಲಿ ಬರಲಿಲ್ಲ.

ಕೊನೆಯ ದೃಶ್ಯದಲ್ಲಿ ಗೆದ್ದ ರಾಜ ಕುದುರೆಯ ಕಡಿವಾಣ ಹಿಡಿದು ವೇದಿಕೆ ಸುತ್ತಬೇಕು. ಆಮೇಲೆ ಮುಖ ಬಿಚ್ಚುವುದು. ರಾಜ ಕೈಯೆತ್ತಿ ಅಬ್ಬರಿಸಿದ. "ನಡೆ!"

ತಲೆ ಹೆಜ್ಜೆಯೆತ್ತಿದ. ಹಿಂಗಾಲು ಎತ್ತಲಿಲ್ಲ.

"ನಡೆ, ಕುದುರೆಯೇ!"

ಕುದುರೆಯ ಹಿಂಭಾಗ ಮೆಲ್ಲಗೆ ಕುಸಿಯಿತು. ಕುದುರೆ ಕೂತಿತು.

ಸಭಾಂಗಣದಲ್ಲಿ ನಗು ಸಿಡಿಯಿತು. ಮುಂಗಾಲು ನಿಂತಿದೆ, ಹಿಂಗಾಲು ಕೂತಿದೆ, ರಾಜ ಬೆಪ್ಪಾಗಿದ್ದಾನೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ರಾಜ ಕಡಿವಾಣ ಜಗ್ಗಿದ. ತಲೆ ಒದ್ದ. "ಏಳೇ! ಏಳೇ ದರಿದ್ರದವಳೇ!" ಎಂದು ಹಲ್ಲು ಕಚ್ಚಿ ಬೈದ. ಪರದೆಯ ಮರೆಯಿಂದ ಮೇಡಂ "ಏಳು ಬಂಗಾರ, ಏಳು," ಎಂದು ಬೇಡಿದರು. ಅವರು ಎಳೆದಷ್ಟೂ ಜನ ನಕ್ಕರು. ಯಾರೋ ಸೀಟಿ ಹೊಡೆದರು. ಇಷ್ಟು ಒಳ್ಳೆಯ ಹಾಸ್ಯ ಅವರು ಕಂಡೇ ಇರಲಿಲ್ಲ.

ಒಳಗೆ ಕೂತೋನು ಏಳಲ್ಲ. ಅಪ್ಪನ ಮಾತು ನೆನಪಾಯಿತು. ಹುಡುಗಿ ಹಲ್ಲಿನಿಂದ ಕೈಯ ಬಟ್ಟೆ ಬಿಚ್ಚಿದಳು. ಹೊಟ್ಟೆಯ ಕೊಕ್ಕೆ ಒಂದೊಂದೇ ಕಿತ್ತಳು. ಹೊರಗೆ ಬಂದಳು. ಬೆವರಲ್ಲಿ ತೊಯ್ದ ಮೈ, ಕೆಂಪಾದ ಕಣ್ಣು, ಸೊಂಟದಲ್ಲಿ ಬಿಳಿ ಅಂಗಿ. ಆ ವೇದಿಕೆಯ ಮೇಲೆ ಅವಳು ನೆಟ್ಟಗೆ ನಿಂತದ್ದು ಅದೇ ಮೊದಲು. ಬೆಳಕು ಮುಖಕ್ಕೆ ಹೊಡೆಯಿತು. ಎದುರಿಗೆ ಏನೂ ಕಾಣಲಿಲ್ಲ. ಒಳಗಿದ್ದಾಗ ಪಾದಗಳಾದರೂ ಕಾಣುತ್ತಿದ್ದವು.

"ನಾನು..." ಎಂದಳು.

ನಗು ನಿಂತಿರಲಿಲ್ಲ. ಪರದೆ ಬಿತ್ತು.

ಮುಖ ಬಿಚ್ಚುವುದು ಆಮೇಲೆ ನಡೆಯಿತು. ಅವಳನ್ನು ಹಿತ್ತಿಲ ಬಾಗಿಲಿನಿಂದ ಹೊರಗೆ ಕಳಿಸಿದ ಮೇಲೆ. "ನಾನು ಕುದುರೆ!" ಎಂದು ತಲೆ ಕೂಗಿದ್ದು ಅವಳಿಗೆ ಗೋಡೆಯಾಚೆಯಿಂದ ಕೇಳಿಸಿತು. ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಕುದುರೆಗೇ ಬಿತ್ತು.

ಅಪ್ಪ ಆಗಷ್ಟೇ ಗುಂಡಿಯಿಂದ ಮೇಲೆ ಬಂದಿದ್ದ. ಎದೆಯವರೆಗೆ ಕೆಸರು. ಕೆಸರು ಎಂದು ಮರ್ಯಾದೆಗೆ ಹೇಳಬೇಕು. ಮಗಳನ್ನು ಕಂಡು ಕೈ ಚಾಚಿದವನು ಕೈ ನೋಡಿಕೊಂಡು ಹಿಂದಕ್ಕೆಳೆದುಕೊಂಡ.

"ಆಗೇ ಹೋಯ್ತಾ? ಥತ್! ಇನ್ನೇನು ಬಂದೆ ಅನ್ನೋವಾಗ ಮತ್ತೆ ಕಟ್ಕೊಳ್ತು ಕಣೇ. ಜನ ನಕ್ಕಿದ್ದು ಪೈಪಲ್ಲಿ ಕೇಳಿಸ್ತು. ಚಪ್ಪಾಳೆನೂ ಕೇಳಿಸ್ತು. ನಿಂಗೇ ಹೊಡೆದ್ರು ತಾನೆ?"

ಹುಡುಗಿ ಸೊಂಟದ ಅಂಗಿ ಬಿಚ್ಚಿ ಚಾಚಿದಳು. ಅದು ಅವಳ ಬೆವರಿನಲ್ಲಿ ಮುದ್ದೆಯಾಗಿತ್ತು. ಸೆಂಟಿನ ವಾಸನೆ ಹೊಡೆಯುತ್ತಿತ್ತು.

"ಇದೇನೇ ಇದು? ನಾನು ಹಾಕ್ಕೊಳ್ದೆನೇ ಬೆವತಿದೆ!" ಎಂದು ಅಪ್ಪ ನಗಿಸಲು ನೋಡಿದ. ಆಮೇಲೆ ಅವಳ ಮುಖ ನೋಡಿದ. ಗುಂಡಿಯ ಅಂಚಿನಲ್ಲಿ ಕೂತು ಬಹಳ ಹೊತ್ತು ತನ್ನ ಅಂಗೈಗಳನ್ನೇ ನೋಡಿದ. "ನಂಗೆ ಹೇಳಿ ತೋರ್ಸು. ನಿನ್ನ ಮಾತು. ನಾನು ಕೇಳ್ತೀನಿ," ಎಂದ.

"ಬೇಡಪ್ಪ."

ಅದೊಂದು ಮಾತಿಗೆ ಅವನು ಅತ್ತುಬಿಟ್ಟ. ಕಣ್ಣೊರೆಸಿಕೊಳ್ಳುವ ಕೈಯೂ ಅವನಿಗಿರಲಿಲ್ಲ.

ಒಂದೆರಡು ದಿನ ಬಿಟ್ಟು ಮೇಡಂ ಗಲ್ಲಿಗೇ ಬಂದರು. ಹೊಸಿಲ ಹೊರಗೆ ನಿಂತರು. ಅಮ್ಮ ಕುರ್ಚಿ ಒರೆಸಿ ಕೊಟ್ಟಳು. ಅವರು ಕೂರಲಿಲ್ಲ.

"ಬೈಯೋಕೆ ಬಂದಿಲ್ಲಮ್ಮ. ಎಲ್ಲ ಕಡೆ ಆ ಕುದುರೆ ಕೂತದ್ದರದ್ದೇ ಮಾತು. ಇನ್ನೂ ಎಷ್ಟೋ ಪ್ರದರ್ಶನ ಕೇಳ್ತಿದ್ದಾರೆ. ಅದನ್ನ ನಾಟಕದಲ್ಲೇ ಇಟ್ಕೊಂಡಿದ್ದೀವಿ. ರಾಜ 'ನಡೆ' ಅನ್ನೋದು, ಕುದುರೆ ಕೂರೋದು. ಇವಳ ಹಾಗೆ ಯಾರಿಗೂ ಕೂರೋಕೆ ಬರ್ತಿಲ್ಲ. ಕಳ್ಸಿ. ಹೊರಗೆ ಬರೋದು ಮಾತ್ರ ಬೇಡ. ಕೂತ್ರೆ ಸಾಕು."

ಹುಡುಗಿ ಕೇಳಿದಳು. "ಮುಖ ಬಿಚ್ಚಿಸ್ತೀರಾ?"

"ಅದು ಮೊದಲ್ನೇ ದಿನ ಮಾತ್ರ ಅಲ್ವಾ? ಅದು ಮುಗೀತು."

ಅಮ್ಮ ಮಗಳನ್ನು ಒಳಗೆಳೆದುಕೊಂಡಳು. ಮಗಳ ಕಾಲು ಆ ಎರಡು ದಿನದಿಂದ ಮಲಗಿದಲ್ಲಿ ಆಡಿರಲಿಲ್ಲ. ಅದು ಅಮ್ಮನಿಗೆ ಗೊತ್ತಿತ್ತು. "ಬಡವನ ಕೋಪ ದವಡೆಗೆ ಮೂಲ ಕಣೇ," ಎಂದಳು ಪಿಸುಮಾತಿನಲ್ಲಿ. "ನಿಂಗೆ ಕುದುರೆ ಅಂದ್ರೆ ಪ್ರಾಣ. ಹೋಗು. ಒಳಗಿದ್ರೇನು, ಹೊರಗಿದ್ರೇನು?"

ಹುಡುಗಿಗೆ ಹೋಗಬೇಕೆನಿಸಿತು. ಸುಳ್ಳೇಕೆ ಹೇಳಬೇಕು? ಆ ಬಟ್ಟೆಯ ಕತ್ತಲು, ಹಲಗೆಯ ಮೇಲೆ ತನ್ನ ಹೆಜ್ಜೆಯ ಸದ್ದು, ಹಿಂಗಾಲು ಎಂದು ಕರೆಯುವ ದನಿಗಳು. ಹೊಸಿಲಿಗೆ ಬಂದಳು. ಸೊಂಟ ನೆಟ್ಟಗೆ ಮಾಡಿ ನಿಂತಳು.

"ನಾನು ಕುದುರೆಯ ಹಿಂಗಾಲು," ಎಂದಳು. ಕೊನೆಯ ಸಾಲಿಗೆ ಕೇಳಿಸುವ ಹಾಗೆ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಹೊರಬಂದವು. "ನಾನು ಬರಲ್ಲ."

ಮೇಡಂ ಹೊರಟುಹೋದರು. ಹುಡುಗಿ ಒಳಗೆ ಹೋಗಿ ಚಾಪೆಯ ಮೇಲೆ ಬೋರಲು ಬಿದ್ದು ಅತ್ತಳು. ಯಾರು ಸಮಾಧಾನ ಮಾಡಿದರೂ ನಿಲ್ಲಿಸಲಿಲ್ಲ.

ಸಭಾಂಗಣದ ಪೈಪು ಹಳೆಯದು. ಹೊಸದು ಹಾಕಿಸುವ ಮನಸ್ಸು ಯಾರಿಗೂ ಇರಲಿಲ್ಲ. ಇಳಿಯುವವನಿದ್ದಾನಲ್ಲ? ಮುಂದೊಂದು ಭಾನುವಾರ ಅದು ಮತ್ತೆ ಕಟ್ಟಿಕೊಂಡಿತು. ಅಪ್ಪ ಹಿತ್ತಿಲಲ್ಲಿ ಗುಂಡಿಗಿಳಿದ. ಹುಡುಗಿ ಈಗ ಕೊನೆಯ ಸಾಲಿನಲ್ಲಿ ಕೂರುತ್ತಿರಲಿಲ್ಲ. ಮುಚ್ಚಳದ ಪಕ್ಕದಲ್ಲಿ, ಅಪ್ಪನ ನೀಲಿ ಚಪ್ಪಲಿಯ ಹತ್ತಿರ ನಿಂತಿದ್ದಳು. ಒಳಗೆ ನಾಟಕ ನಡೆಯುತ್ತಿತ್ತು. ಮಾತುಗಳೆಲ್ಲ ಅವಳಿಗೆ ಬರುತ್ತಿದ್ದವು. ತುಟಿ ತಾನಾಗಿ ಅಲುಗುತ್ತಿತ್ತು. ಕುದುರೆ ಬಂದದ್ದು ಹೆಜ್ಜೆ ಸದ್ದಿನಲ್ಲಿ ಗೊತ್ತಾಯಿತು. ಹಿಂಗಾಲು ತಡವಾಗಿ ಬೀಳುತ್ತಿತ್ತು. ಯಾರೋ ಬೇರೆ.

"ನಡೆ!" ಎಂದ ರಾಜ.

ಗೋಡೆ ಅದುರುವ ಹಾಗೆ ಜನ ನಕ್ಕರು.

ಅಪ್ಪ ಗುಂಡಿಯೊಳಗಿಂದ ಮುಖ ಮೇಲೆತ್ತಿದ. "ಏನಕ್ಕೆ ಅಷ್ಟು ನಗ್ತಾರೆ?"

"ಕುದುರೆ ಕೂತ್ಕೊಳ್ತು," ಎಂದಳು ಹುಡುಗಿ. "ನೀನು ಕೂರಬೇಡ ಅಪ್ಪ. ಬೇಗ ಮೇಲೆ ಬಾ."